ಮರದ ಅಂಚು ಕೊರೆಯೋ ರೂಟರ್‌ನ ಬಿಟ್, ಅದನ್ನ ಹಿಡ್ಕೊಳೋ ಕಾಲೆಟ್ ಒಳಗೇ ಕಚ್ಕೊಂಡಿದೆ, ನಟ್ ಒಂದ್ ಸುತ್ತು ಬಂದು ಮತ್ತೆ ಬಿಗಿ ಆಗ್ತಿದೆ, ಏನ್ಮಾಡ್ಲಿ?

ಹೊನ್ನೆಹಲಗೆ (ಕತ್ರಿಗುಪ್ಪೆ), ಶನಿವಾರ ರಾತ್ರಿ 10:20

ಎಲ್ರಿಗೂ ನಮಸ್ಕಾರ. ನಮ್ಮಕ್ಕನ ಮಗೂಗೆ ತೊಟ್ಟಿಲು ಮಾಡ್ತಿದೀನಿ, ನಾಮಕರಣಕ್ಕೆ ಇನ್ನು ಹನ್ನೊಂದೇ ದಿನ ಇರೋದು. ಮರ ಹೊನ್ನೆ, ತಿಪಟೂರು ಹತ್ರ ನಮ್ಮ ಹಳೇ ಮನೆ ಕೆಡವಿದಾಗ ಅಟ್ಟದ ಹಲಗೆಗಳನ್ನ ನಮ್ಮಪ್ಪ ಎತ್ತಿಟ್ಟಿದ್ರು, ತಾತನ ಕಾಲದ್ದು, ಹಾಳು ಮಾಡಿದ್ರೆ ಇನ್ನೊಂದು ಸಿಗಲ್ಲ. ನಾಲ್ಕು ಕಡೆ ಹಲಗೆ, ಕಾಲು, ಮೇಲಿನ ಪಟ್ಟಿ ಎಲ್ಲಾ ಕೂಯ್ದು ಹತ್ರಿ ಹೊಡ್ದು ಮುಗ್ಸಿದೀನಿ, ಅಂಚು ರೌಂಡ್ ಮಾಡೋದು ಬಾಕಿ. ಮಗು ಕೈ ಹಿಡಿಯೋ ಜಾಗ, ಎಲ್ಲೂ ಚೂಪು ಇರ್ಬಾರ್ದು.

ನನ್ನ ಹತ್ರ ಇರೋದು ಅರ್ಧ ಇಂಚಿನ ಪ್ಲಂಜ್ ರೂಟರ್, ಮೂರು ವರ್ಷ ಆಯ್ತು ತಗೊಂಡು. ಹೋದ ವಾರ ಹೊಸ ರೌಂಡ್ ಓವರ್ ಬಿಟ್ ತಂದೆ, ಕೆಳಗೆ ಬೇರಿಂಗ್ ಇರೋದು, 9.5 ಎಂಎಂ ರೇಡಿಯಸ್. ಇವತ್ತು ಮೂರು ಅಂಚು ಚೆನ್ನಾಗಿ ಬಂತು, ನಾಲ್ಕನೇದರಲ್ಲಿ ನೋಡ್ತೀನಿ ಕಟ್ಟಿಂಗ್ ಆಳ ಜಾಸ್ತಿ ಆಗ್ತಾ ಹೋಗಿದೆ, ಬಿಟ್ ತಾನಾಗೇ ಕೆಳಕ್ಕೆ ಇಳ್ದಿದೆ. ಅಂಚಲ್ಲಿ ಒಂದ್ ಮೆಟ್ಲು ತರ ಬಿದ್ದಿದೆ, ನೋಡಿ ಹೊಟ್ಟೆ ಉರಿದೋಯ್ತು. ಸರಿ ಬಿಗಿ ಸಾಲ್ದೇನೋ ಅಂತ ಮತ್ತೆ ಕೂರ್ಸಿ ಪಾನಾಗೆ ಒಂದು ಪೈಪ್ ತುಂಡು ಸಿಕ್ಸಿ ಜೋರಾಗಿ ಬಿಗಿ ಮಾಡ್ದೆ. ಆಮೇಲೆ ಇಳೀಲಿಲ್ಲ, ಕೆಲ್ಸ ಆಯ್ತು. ಆದ್ರೆ ಈಗ ಬಿಟ್ ತೆಗೆಯೋಕೆ ಹೋದ್ರೆ ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ. ನಟ್ ಮೊದ್ಲು ಟಕ್ ಅಂತ ಸಡಿಲ ಆಯ್ತು, ಕೈಯಲ್ಲೇ ಸುಮಾರು ಒಂದು ಸುತ್ತು ತಿರುಗ್ತು, ಆಮೇಲೆ ಮತ್ತೆ ಬಿಗಿ. ಥ್ರೆಡ್ ಅಡ್ಡ ಹತ್ಕೊಂಡಿದ್ಯೇನೋ ಅಂತ ಭಯ ಆಗಿ ಅಲ್ಲಿಗೇ ನಿಲ್ಸಿದೀನಿ. ಇಕ್ಕಳದಲ್ಲಿ ಬಿಟ್ ಹಿಡ್ದು ಎಳ್ದೆ, ಏನೂ ಆಗ್ಲಿಲ್ಲ. ನಾಳೆ ಭಾನುವಾರ, ಎಸ್.ಪಿ. ರೋಡಲ್ಲಿ ಬಹಳಷ್ಟು ಅಂಗಡಿ ಬಾಗ್ಲು ಹಾಕಿರುತ್ತೆ. ಮನೇಲಿರೋ ಸಾಮಾನಲ್ಲೇ ಏನಾದ್ರೂ ಆಗತ್ತಾ, ಯಾರಾದ್ರೂ ಹೇಳಿ ಪ್ಲೀಸ್.

ಹದಿನೇಳರ_ಪಾನಾ, ಶನಿವಾರ ರಾತ್ರಿ 10:41

ಮೊದ್ಲು ಪ್ಲಗ್ ಕಿತ್ತಿಡಿ ಗುರು, ಸ್ವಿಚ್ ಆಫ್ ಮಾಡಿದ್ರೆ ಸಾಲ್ದು, ಪಿನ್ನೇ ಹೊರಗೆ ಬರ್ಬೇಕು. ಇನ್ನ ಎರಡು ವಿಷ್ಯ ಕೇಳ್ಬೇಕಿತ್ತು. ಮಷೀನ್ ತಲೆಕೆಳಗೆ ಇಟ್ಟು ಬಿಟ್ ನಿಮ್ಮ ಮುಖದ ಕಡೆ ಇದ್ದಾಗ ನಟ್ ಎಡಕ್ಕೆ ತಿರುಗಿಸ್ತಿದೀರ ತಾನೇ? ಟೇಬಲ್ ಕೆಳಗೆ ಕೈ ಹಾಕಿ ಮಾಡೋವಾಗ ಎಷ್ಟೋ ಜನಕ್ಕೆ ಎಡ ಬಲ ಅದಲು ಬದಲು ಆಗುತ್ತೆ. ಮತ್ತೆ ನಟ್ ತೆಗೆದಾಗ ಕಾಲೆಟ್ ಅದ್ರ ಜೊತೇಲೇ ಅಂಟ್ಕೊಂಡು ಬರೋ ಟೈಪಾ ಇಲ್ಲ ಎರಡೂ ಬೇರೆ ಬೇರೆನಾ, ಮುಂಚೆ ಯಾವಾಗ್ಲಾದ್ರೂ ನೋಡಿದ ನೆನಪಿದ್ಯಾ?

ಸೈಟ್_ಕೆಲ್ಸ, ಶನಿವಾರ ರಾತ್ರಿ 11:05

ಅಣ್ಣ ನಾವು ಸೈಟಲ್ಲಿ ದಿನಾ ಇದೇ ನೋಡ್ತೀವಿ. ಟೆನ್ಷನ್ ಮಾಡ್ಕೋಬೇಡಿ. ನಟ್ ಸ್ವಲ್ಪ ಸಡಿಲ ಮಾಡಿ, ಬಿಟ್ ಪಕ್ಕದಿಂದ ಸುತ್ತಿಗೇಲಿ ಎರಡು ಕೊಟ್ರೆ ಬಿಡತ್ತೆ. ಬಿಡ್ಲಿಲ್ಲ ಅಂದ್ರೆ ಒಂದ್ ಸ್ವಲ್ಪ ಡೀಸೆಲ್ ಬಿಟ್ಟು ರಾತ್ರಿ ಹಂಗೇ ಇಡಿ, ಗ್ಯಾರೇಜ್‌ನವ್ರು ತುಕ್ಕು ಹಿಡ್ದಿರೋ ನಟ್‌ಗೆ ಬಿಡ್ತಾರಲ್ಲ ಹಂಗೆ. ಟ್ರಿಮ್ಮರ್‌ದು (ಚಿಕ್ಕ ರೂಟರ್) ಆಗಿದ್ರೆ ಇನ್ನೂ ಸುಲಭ, ಅದ್ರಲ್ಲಿ ನಟ್ ಪೂರ್ತಿ ಕೈಗೆ ಬಂದ್ಬಿಡತ್ತೆ, ಒಳಗೆ ಚಿಕ್ಕ ಕೋನ್ ಮಾತ್ರ ಉಳ್ಕೊಳತ್ತೆ, ಪಕ್ಕದಿಂದ ಮರದ ತುಂಡಲ್ಲಿ ಟಕ್ ಅಂದ್ರೆ ಉದುರೋಗತ್ತೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿರೋ ಹಲಗೆ) ಕಟ್ ಮಾಡಿದ್ ದಿನ ಜಾಸ್ತಿ ಹಿಡಿಯತ್ತೆ, ಆ ಧೂಳು ಮೈದಾ ಹಿಟ್ಟಿನ ತರ ಸೀಳಲ್ಲೆಲ್ಲಾ ಹೋಗಿ ಕೂತ್ಕೊಳತ್ತೆ.

ಪೀಣ್ಯ_ಟರ್ನರ್, ಭಾನುವಾರ ಬೆಳಿಗ್ಗೆ 6:10

ದಯವಿಟ್ಟು ಸುತ್ತಿಗೆ ತಗೋಬೇಡಿ, ಇದನ್ನ ಪೂರ್ತಿ ಓದಿ ಆಮೇಲೆ ಮಷೀನ್ ಮುಟ್ಟಿ. ನಾನು ಟೂಲ್ ರೂಮಲ್ಲಿ ಇಪ್ಪತ್ತೆರಡು ವರ್ಷದಿಂದ ಲೇತು ಮಿಲ್ಲಿಂಗು ಮಾಡ್ಕೊಂಡು ಬಂದಿರೋನು, ಕಾಲೆಟ್ ಅನ್ನೋದು ನನಗೆ ಕೈ ಬೆರಳಿದ್ದ ಹಾಗೆ.

ನಿಮ್ಮ ಥ್ರೆಡ್‌ಗೆ ಏನೂ ಆಗಿಲ್ಲ. ಒಂದು ಸುತ್ತು ಸಡಿಲ ಬಂದು ಮತ್ತೆ ಬಿಗಿ ಆಗೋದೇ ಅದರ ಲಕ್ಷಣ, ಅದನ್ನ ಹಾಗೇ ಮಾಡಿರೋದು. ಸ್ಪಿಂಡಲ್ (ಮೋಟಾರ್ ತಿರುಗಿಸೋ ಕಂಬಿ) ಬಾಯಿ ಒಳಗಡೆ ಲಾಳಿಕೆ ತರ ಇರತ್ತೆ, ಕಾಲೆಟ್ ಹೊರಮೈ ಅದಕ್ಕೆ ಸರಿಯಾಗಿ ಕೂರೋ ಹಾಗೆ ಇಳಿಜಾರಾಗಿರತ್ತೆ. ನಟ್ ಬಿಗಿ ಮಾಡಿದಾಗ ಅದು ಕಾಲೆಟ್‌ನ ಲಾಳಿಕೆ ಒಳಕ್ಕೆ ದಬ್ಬತ್ತೆ, ಸೀಳುಗಳು ಮುಚ್ಕೊಂಡು ಬಿಟ್‌ನ ದಂಡನ್ನ, ಅಂದ್ರೆ ಒಳಗೆ ಹೋಗೋ ಉದ್ದನೆ ಭಾಗಾನ, ಹಿಡ್ಕೊಳತ್ತೆ. ಈಗ ನಟ್ ಸಡಿಲ ಮಾಡಿದ್ರೆ ದಬ್ಬೋದು ನಿಲ್ತು ಅಷ್ಟೇ, ಕಾಲೆಟ್ ಮಾತ್ರ ಬಾಟ್ಲಿಗೆ ಹೊಡ್ದ ಬಿರಡೆ ಹಾಗೆ ಲಾಳಿಕೇಲೇ ಕೂತಿರತ್ತೆ. ಅದನ್ನ ಹೊರಕ್ಕೆ ಎಳೆಯೋಕೆ ಅಂತಲೇ ನಟ್ ಒಳಗೆ ಒಂದು ತುಟಿ ಇರತ್ತೆ, ಕಾಲೆಟ್ ಮೇಲೆ ಸುತ್ತಲೂ ಕೊರೆದಿರೋ ತೋಡಿಗೆ ಸಿಕ್ಕೊಂಡಿರತ್ತೆ. ನೀವು ಇನ್ನೂ ತಿರುಗಿಸ್ತಾ ಹೋದಾಗ ಆ ತುಟಿ ಬಂದು ತೋಡಿನ ಅಂಚಿಗೆ ತಾಗತ್ತಲ್ಲ, ಅದೇ ನಿಮಗೆ ಎರಡನೇ ಬಿಗಿ ಅಂತ ಅನ್ಸಿರೋದು. ಅಲ್ಲಿಂದ ಮತ್ತೆ ಪಾನಾ ಹಾಕಿ ಅದೇ ದಿಕ್ಕಿಗೆ ತಿರುಗಿಸ್ಬೇಕು. ಎರಡನೇ ಸಲ ಟಕ್ ಅಂದಾಗ ಕಾಲೆಟ್ ಲಾಳಿಕೆ ಬಿಟ್ಟು ಹೊರಗೆ ಬರತ್ತೆ, ಬಿಟ್ ತಾನಾಗೇ ಸಡಿಲ ಆಗತ್ತೆ. ನಟ್ ಎರಡು ಸಲ ಬಿಡ್ಬೇಕು, ಇದು ಗೊತ್ತಿಲ್ದೆ ಮೊದಲನೇದಕ್ಕೇ ನಿಲ್ಲಿಸಿ ಎಳೆದಾಡೋರೇ ಜಾಸ್ತಿ.

ಹೇಗೆ ಮಾಡೋದು ಅಂದ್ರೆ, ಮಷೀನ್‌ನ ಒಂದು ಚೀಲದ ಮೇಲೆ ಮಗ್ಗುಲಾಗಿ ಮಲಗಿಸಿ. ಬಿಟ್‌ಗೆ ದಪ್ಪ ಬಟ್ಟೆ ಸುತ್ತಿ, ಕಾರ್ಬೈಡ್ ಅಂಚು ಕೈ ಕೂಯ್ದುಬಿಡತ್ತೆ. ಸ್ಪಿಂಡಲ್ ಲಾಕ್ ಬಟನ್ ಒತ್ತಿ ಅದ್ರ ಮೇಲೇ ಪೂರ್ತಿ ಜೋರು ಬಿಡ್ಬೇಡಿ, ಒಳಗೆ ಇರೋದು ಒಂದು ಸಣ್ಣ ಪಿನ್ನು, ಅದು ಮುರಿದ್ರೆ ಬೇರೆ ಕಥೆ ಶುರು ಆಗತ್ತೆ. ನಟ್ ಕೆಳಗೆ ಸ್ಪಿಂಡಲ್ ಮೇಲೆ ಎರಡು ಕಡೆ ಚಪ್ಪಟೆ ಇದ್ಯಾ ನೋಡಿ, ಇದ್ರೆ ಅಲ್ಲಿಗೊಂದು ಪಾನಾ, ನಟ್‌ಗೊಂದು ಪಾನಾ. ಎರಡನ್ನೂ ಕತ್ತರಿ ತರ ಹತ್ರ ಹತ್ರ ಇಟ್ಟು ಒಂದೇ ಅಂಗೈಲಿ ಹಿಸುಕಿ. ಹಾಗೆ ಮಾಡಿದ್ರೆ ಬಿಟ್ಟ ತಕ್ಷಣ ಕೈ ಹೋಗಿ ಎಲ್ಲೂ ಬಡಿಯಲ್ಲ. ಪೈಪ್ ಬೇಡವೇ ಬೇಡ.

ಅದಕ್ಕೂ ಬರ್ಲಿಲ್ಲ ಅಂದ್ರೆ ಡಬ್ಲ್ಯೂಡಿ 40 ಅಥ್ವಾ ಯಾವುದಾದ್ರೂ ತುಕ್ಕು ಬಿಡಿಸೋ ಎಣ್ಣೆ. ಮೇಲಿಂದ ಸುರೀಬೇಡಿ, ಹರಿದು ಮಷೀನ್ ಒಳಗಿನ ಬೇರಿಂಗ್‌ಗೆ ಹೋದ್ರೆ ಗ್ರೀಸ್ ತೊಳ್ದು ಹಾಕತ್ತೆ. ಮೆಡಿಕಲ್ ಅಂಗಡಿ ಸಿರಿಂಜ್ ಇದ್ರೆ ಅದ್ರಲ್ಲಿ ತಗೊಂಡು ಕಾಲೆಟ್‌ನ ಒಂದೊಂದು ಸೀಳಿಗೆ ಎರಡೆರಡು ಹನಿ ಸಾಕು, ಐದಾರು ಗಂಟೆ ಬಿಡಿ. ಆಮೇಲೆ ಹಿತ್ತಾಳೆ ಕಡ್ಡಿನೋ ಗಟ್ಟಿ ಮರದ ತುಂಡೋ ತಗೊಂಡು ನಟ್‌ನ ಒಂದೊಂದು ಮುಖಕ್ಕೂ ಮೆಲ್ಲಗೆ, ಬಾಗ್ಲು ತಟ್ಟಿದಷ್ಟು ಮಾತ್ರ, ಸ್ಪಿಂಡಲ್ ಸುತ್ತುತ್ತಾ ತಟ್ಟಿ. ಬಿಟ್ ಮೇಲೆ ಹೊಡೀಬಾರ್ದು, ಕಾರ್ಬೈಡ್ ಗಾಜಿದ್ದ ಹಾಗೆ, ಚಕ್ಕೆ ಎದ್ದುಬಿಡತ್ತೆ.

ಒಂದು ಮಾತು ನನ್ನ ತಲೇಲಿ ಕೊರೀತಾನೇ ಇದೆ. ಬಿಟ್ ತಾನಾಗೇ ಇಳೀತು ಅಂದ್ರಲ್ಲ. ಸರಿಯಾದ ಕಾಲೆಟ್ಟು ಸರಿಯಾದ ಬಿಟ್ಟು ಇದ್ರೆ ಸಾಧಾರಣ ಬಿಗಿಗೇ ಇಳಿಯಲ್ಲ. ಹೊರಗೆ ಬಂದ ಮೇಲೆ ದಂಡಿನ ದಪ್ಪಾನ ವರ್ನಿಯರ್‌ನಲ್ಲಿ (ಸೂಕ್ಷ್ಮವಾಗಿ ಅಳೆಯೋ ಸಾಧನ) ಅಳೆದು ಇಲ್ಲಿ ಹಾಕಿ.

ವಿಜಯನಗರ_ಮರಗೆಲಸ, ಭಾನುವಾರ ಬೆಳಿಗ್ಗೆ 8:30

ಟರ್ನರ್ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಎರಡು ವರ್ಷದ ಹಿಂದೆ ಪಕ್ಕದಿಂದ ಸುತ್ತಿಗೇಲಿ ಹೊಡ್ದೇ ಬಿಟ್ ತೆಗೆದಿದ್ದೆ, ಬಂತು, ಖುಷಿ ಆಯ್ತು. ಮಾರನೇ ದಿನ ಮಷೀನ್ ಆನ್ ಮಾಡಿದ್ರೆ ಗುಯ್ ಅನ್ನೋ ಜಾಗದಲ್ಲಿ ಗರಗರ ಅಂತ ಶಬ್ದ, ಹಿಡಿಯಲ್ಲಿ ಕೈ ಜುಮ್ ಅನ್ನೋ ಅಷ್ಟು ನಡುಕ. ಬೇರಿಂಗ್ ಒಳಗೆ ಗುಂಡುಗಳು ಓಡೋ ದಾರೀಲಿ ಗುಳಿ ಬಿದ್ದಿತ್ತಂತೆ, ರಿಪೇರಿಯವ್ರು ಬಿಚ್ಚಿ ತೋರ್ಸಿದ್ರು, ಕಣ್ಣಿಗೆ ಏನೂ ಕಾಣ್ಲಿಲ್ಲ ಆದ್ರೆ ಬೆರಳಲ್ಲಿ ತಿರುಗಿಸಿದ್ರೆ ಅಲ್ಲಲ್ಲಿ ತಡೀತಿತ್ತು. ಎರಡೂ ಬೇರಿಂಗ್ ಬದಲಾಯಿಸ್ಬೇಕಾಯ್ತು. ಅದಕ್ಕೇ ಹೇಳ್ತಿದೀನಿ, ಹೊಡೀಬೇಡಿ.

ನನಗೆ ಇನ್ನೊಂದ್ ಸಲ ಹಾಗಾದಾಗ ಹೇರ್ ಡ್ರೈಯರ್ ಕೆಲ್ಸ ಮಾಡ್ತು. ನಟ್‌ಗೆ ಮಾತ್ರ ತಾಗೋ ಹಾಗೆ ನಾಲ್ಕೈದು ನಿಮಿಷ ಬಿಸಿ ಗಾಳಿ ಹಿಡ್ದೆ, ಮುಟ್ಟಿದ್ರೆ ಚುರ್ ಅನ್ನೋ ಅಷ್ಟು. ಮರದ ಅಂಟು ಮೆತ್ತಗಾಗತ್ತೆ, ನಟ್ ಕೂದಲೆಳೆಯಷ್ಟು ಹಿಗ್ಗತ್ತೆ. ಆದ್ರೆ ಎಣ್ಣೆ ಹೊಡೆದ ಮೇಲೆ ಬಿಸಿ ಮಾಡೋದಾದ್ರೆ ಮೊದ್ಲು ಒರೆಸಿ, ಅದು ಹತ್ಕೊಳೋ ಪದಾರ್ಥ. ಗ್ಯಾಸ್ ಟಾರ್ಚ್ ಹತ್ರಾನೂ ತರ್ಬೇಡಿ, ಕಾಲೆಟ್‌ನ ಹದ ಹೋಗತ್ತೆ, ಆಮೇಲೆ ಅದು ಸ್ಪ್ರಿಂಗ್ ತರ ತೆರ್ಕೊಳಲ್ಲ.

ತೊಟ್ಟಿಲ ಅಂಚಲ್ಲಿ ಬಿದ್ದಿರೋ ಮೆಟ್ಲು ಬಗ್ಗೆ ಬೇಜಾರ್ ಮಾಡ್ಕೋಬೇಡಿ. ಉಳಿದ ಅಂಚುಗಳನ್ನೂ ಅಷ್ಟೇ ಆಳಕ್ಕೆ ಇನ್ನೊಂದ್ ಸಲ ಹೊಡೆದ್ರೆ ಎಲ್ಲಾ ಒಂದೇ ತರ ಆಗತ್ತೆ, ಸಣ್ಣ ಗೆರೆ ಬಂದು ಬೀಡಿಂಗ್ ಹಾಗೆ ಕಾಣ್ಸತ್ತೆ. ಗೆರೆ ಬೇಡ ಅಂದ್ರೆ ಬ್ಲೇಡಲ್ಲಿ ಕೆರೆದು ಮರಳು ಕಾಗದ ಹೊಡೀರಿ, ಹಳೇ ಹೊನ್ನೆ ಚೆನ್ನಾಗಿ ನಯ ಆಗತ್ತೆ.

ಹೊನ್ನೆಹಲಗೆ, ಭಾನುವಾರ ಸಂಜೆ 5:15

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಬೆಳಿಗ್ಗೆಯಿಂದ ಇದೇ ಕೆಲ್ಸ. ಹದಿನೇಳರ ಪಾನಾ ಅವ್ರೇ, ದಿಕ್ಕು ಸರಿಯಾಗೇ ಇತ್ತು, ಎಡಕ್ಕೇ ತಿರುಗಿಸ್ತಿದ್ದೆ. ಕಾಲೆಟ್ ನಟ್ ಜೊತೇಲೇ ಬರೋ ಟೈಪು ಅಂತ ಮ್ಯಾನ್ಯುಯಲ್ ತೆಗೆದು ಚಿತ್ರ ನೋಡಿದ ಮೇಲೆ ಗೊತ್ತಾಯ್ತು.

ಸ್ಪಿಂಡಲ್ ಮೇಲೆ ಚಪ್ಪಟೆ ಇದೆ ಸರ್, ಧೂಳು ಮೆತ್ಕೊಂಡು ಕಾಣ್ತಾನೇ ಇರ್ಲಿಲ್ಲ, ಹಳೇ ಟೂತ್ ಬ್ರಷ್ ಹಾಕಿ ಉಜ್ಜಿದಾಗ ಗೊತ್ತಾಯ್ತು. ಆದ್ರೆ ಜಾಗ ಎಷ್ಟು ಕಿರಿದು ಅಂದ್ರೆ ಮಾಮೂಲಿ ಪಾನಾ ದಪ್ಪ ಆಯ್ತು, ನಟ್‌ಗೆ ತಾಗ್ತಿತ್ತು. ಆಮೇಲೆ ನಮ್ಮ ಬೀದಿ ಕೊನೇಲಿ ಸೈಕಲ್ ಅಂಗಡಿ ಇದೆ, ಭಾನುವಾರಾನೂ ತೆಗ್ದಿರ್ತಾರೆ, ಅವ್ರ ಹತ್ರ ಚಕ್ರದ ಕೋನ್ ಬಿಗಿ ಮಾಡೋ ತೆಳ್ಳನೆ ಪಾನಾ ಇತ್ತು, ಕೇಳಿದ ತಕ್ಷಣ ಕೊಟ್ರು, ಸರಿಯಾಗಿ ಕೂತ್ಕೊಳ್ತು. ಎರಡೂ ಪಾನಾ ಕತ್ತರಿ ತರ ಹಿಡ್ದು ಹಿಸುಕ್ದೆ, ಬರ್ಲಿಲ್ಲ. ಸಿರಿಂಜಲ್ಲಿ ಎಣ್ಣೆ ಬಿಟ್ಟು ಮಧ್ಯಾಹ್ನ ಊಟ ಮಾಡಿ ಬಂದೆ, ಆಗ್ಲೂ ಬರ್ಲಿಲ್ಲ. ಒರೆಸಿ, ಅಕ್ಕನ ಹೇರ್ ಡ್ರೈಯರ್ ಹಿಡ್ದು, ಮರದ ತುಂಡಲ್ಲಿ ಸುತ್ತಲೂ ತಟ್ಟಿ, ನಾಲ್ಕೂವರೆಗೆ ಮತ್ತೆ ಹಿಸುಕಿದಾಗ ಟಕ್ ಅಂತು ನೋಡಿ, ಆ ಶಬ್ದ ಕೇಳಿ ಹೋದ ಪ್ರಾಣ ಬಂದಂಗಾಯ್ತು. ನಟ್, ಕಾಲೆಟ್, ಬಿಟ್ ಮೂರೂ ಒಟ್ಟಿಗೇ ಕೈಗೆ ಬಂತು. ಬಿಟ್ ಕಾಲೆಟ್ ಒಳಗಿಂದ ಮಾತ್ರ ಇನ್ನೂ ಸ್ವಲ್ಪ ಹಿಡ್ಕೊಂಡಿತ್ತು, ತಿರುಗಿಸಿ ತಿರುಗಿಸಿ ಎಳ್ದೆ, ಬಂತು.

ದಂಡಿನ ಮೇಲೆ ಕಂದು ಬಣ್ಣದ ಗೆರೆಗಳು, ಮಧ್ಯೆ ಮಧ್ಯೆ ಗೀರು. ನಮ್ಮ ಪಕ್ಕದ ಮನೆ ಹುಡುಗ ಡಿಪ್ಲೊಮಾ ಓದ್ತಾನೆ, ಅವನ ವರ್ನಿಯರ್ ಇಸ್ಕೊಂಡು ಅಳೆದೆ. 11.98 ಎಂಎಂ ಬರ್ತಿದೆ. ಕಾಲೆಟ್ ಮೇಲೆ 12.7 ಅಂತ ಕೊರೆದಿದೆ, ಅಂದ್ರೆ ಅರ್ಧ ಇಂಚು. ಅಂಗಡೀಲಿ ಅರ್ಧ ಇಂಚಿಂದು ಕೊಡಿ ಅಂತಲೇ ಕೇಳಿದ್ದೆ, ಡಬ್ಬಿ ಮೇಲೆ ಏನೂ ಬರ್ದಿರ್ಲಿಲ್ಲ. ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷೀನ್) ಶಾಪಲ್ಲಿರೋ ನನ್ನ ಕಸಿನ್ ಹೇಳ್ತಾನೆ ಕಾಲೆಟ್ ಒಂದ್ ಎಂಎಂ ತನಕ ಹಿಡಿಯತ್ತೆ ಏನೂ ಆಗಲ್ಲ ಅಂತ. ಹೌದಾ ಸರ್? ಇದೇ ಬಿಟ್ಟಲ್ಲಿ ಉಳಿದಿದ್ದು ಮುಗಿಸ್ಬೋದಾ?

ಪೀಣ್ಯ_ಟರ್ನರ್, ಭಾನುವಾರ ರಾತ್ರಿ 7:50

ಬೇಡ. ಆ ಬಿಟ್ಟನ್ನ ಆ ಕಾಲೆಟ್‌ಗೆ ಇನ್ನೊಂದ್ ಸಲ ಹಾಕ್ಬೇಡಿ, ಒಂದೇ ಒಂದು ಅಂಚು ಬಾಕಿ ಇದ್ರೂ ಬೇಡ.

ನಿಮ್ಮ ಕಸಿನ್ ಹೇಳ್ತಿರೋದು ಅವ್ರ ಮಷೀನ್‌ಗೆ ಸರಿ. ಸಿಎನ್‌ಸಿಲಿ ಇಆರ್ ಅನ್ನೋ ಬೇರೆ ಜಾತಿ ಕಾಲೆಟ್ ಹಾಕ್ತೀವಿ, ಇಆರ್ 20 ಅನ್ನೋ ಸೈಜಾದ್ರೆ ಅದ್ರಲ್ಲಿ 13 ಅಂತ ಬರೆದಿರೋದು 12 ರಿಂದ 13 ತನಕ ಹಿಡಿಯತ್ತೆ, ಯಾಕಂದ್ರೆ ಅದಕ್ಕೆ ಸೀಳು ಎರಡೂ ಕಡೆಯಿಂದ ಒಂದು ಬಿಟ್ಟು ಒಂದು ಇರತ್ತೆ, ಮುಚ್ಕೊಂಡಾಗ ಉದ್ದಕ್ಕೂ ಒಂದೇ ಸಮ ಮುಚ್ಕೊಳತ್ತೆ. ರೂಟರ್ ಕಾಲೆಟ್ ಒಂದೇ ಅಳತೆಗೆ ಮಾಡಿರೋದು. ಎಷ್ಟೋ ಕಾಲೆಟ್‌ಗೆ ಸೀಳು ಒಂದೇ ಕಡೆಯಿಂದ ಇರತ್ತೆ, ಸಣ್ಣ ದಂಡು ಹಾಕಿದ್ರೆ ಬಾಯಿ ಮಾತ್ರ ಮುಚ್ಕೊಂಡು ತುದೀಲಿ ಒಂದು ಬಳೆಯಷ್ಟು ಜಾಗದಲ್ಲಿ ಕಚ್ಚತ್ತೆ, ಹಿಂದೆ ಎಲ್ಲಾ ಖಾಲಿ. ಅದಕ್ಕೇ ನಿಮ್ಮ ಬಿಟ್ ಇಳೀತು. ಪೈಪ್ ಹಾಕಿ ಬಿಗಿ ಮಾಡಿದಾಗ ಕಾಲೆಟ್ ಅಳತೆ ಮೀರಿ ಲಾಳಿಕೆ ಒಳಕ್ಕೆ ಬೆಣೆ ಹೊಡೆದ ಹಾಗೆ ಹೋಯ್ತು, ಅದಕ್ಕೇ ಬರ್ಲಿಲ್ಲ. ಟ್ರಿಮ್ಮರ್‌ನಲ್ಲೂ ಇದೇ ಗಲಾಟೆ, 6 ಎಂಎಂ ಮತ್ತೆ 6.35 (ಕಾಲು ಇಂಚು), ಅಲ್ಲಿ ವ್ಯತ್ಯಾಸ ಇನ್ನೂ ಕಮ್ಮಿ ಇರೋದ್ರಿಂದ ಕಣ್ಣಿಗೆ ಗೊತ್ತಾಗೋದೇ ಇಲ್ಲ. 12ರ ಬಿಟ್, 12.7ರ ಬಿಟ್ ಎರಡನ್ನೂ ಅರ್ಧ ಇಂಚು ಅಂತಲೇ ಕೊಟ್ಬಿಡೋರಿದಾರೆ, ವರ್ನಿಯರ್ ಜೇಬಲ್ಲಿಟ್ಕೊಂಡು ಹೋಗಿ.

ಎಷ್ಟು ಅಪಾಯ ಅಂತ ನಿಮಗೇ ಲೆಕ್ಕ ಹಾಕಿ ತೋರಿಸ್ತೀನಿ. 9.5 ರೌಂಡ್ ಓವರ್‌ಗೆ 12.7 ಬೇರಿಂಗ್ ಇದ್ರೆ ಬ್ಲೇಡ್‌ನ ವ್ಯಾಸ ಹತ್ರ ಹತ್ರ 32 ಎಂಎಂ, ಸುತ್ತಳತೆ 100 ಎಂಎಂ. ನಿಮಿಷಕ್ಕೆ 20,000 ಸುತ್ತು ಅಂದ್ರೆ ಆ ಅಂಚು 2,000 ಮೀಟರ್ ಓಡತ್ತೆ, ಗಂಟೆಗೆ 120 ಕಿಲೋಮೀಟರ್. ಆ ವೇಗದಲ್ಲಿ ಅದು ಬಿಚ್ಕೊಂಡು ಹಾರಿದ್ರೆ ಎಲ್ಲಿಗೆ ಹೋಗತ್ತೆ ಅಂತ ಯಾರೂ ಹೇಳೋಕಾಗಲ್ಲ. ನಿನ್ನೆ ಹಾಗೆ ಆಗ್ಲಿಲ್ಲ, ನೀವು ಸರಿಯಾಗಿದೀರಿ, ನನಗೆ ಅದೇ ಸಮಾಧಾನ.

ಕಾಲೆಟ್ಟೂ ಹೊಸದೇ ಹಾಕಿ. ಸೀಳುಗಳನ್ನ ಬೆಳಕಿಗೆ ಹಿಡಿದು ನೋಡಿ, ಎಲ್ಲಾ ಒಂದೇ ಅಗಲ ಇಲ್ಲ ಅಂದ್ರೆ ಅದು ಕೆಲಸಕ್ಕೆ ಬರಲ್ಲ. ಸ್ಪಿಂಡಲ್ ಲಾಳಿಕೇನ ಸೀಮೆಎಣ್ಣೇಲಿ ನೆನೆಸಿದ ಬಟ್ಟೆ ಒಂದು ಕಡ್ಡಿಗೆ ಸುತ್ತಿ ಒರೆಸಿ, ಆಮೇಲೆ ಒಣ ಬಟ್ಟೇಲಿ. ಎಮರಿ ಪೇಪರ್ ಒಳಗೆ ಹಾಕ್ಬೇಡಿ. ಎಣ್ಣೆ ಗ್ರೀಸ್ ಏನೂ ಉಳೀಬಾರ್ದು, ಉಳಿದ್ರೆ ಹಿಡಿತಾನೂ ಹೋಗತ್ತೆ, ಧೂಳೂ ಅಂಟತ್ತೆ. ಹೊಸ ಬಿಟ್ ಹಾಕೋವಾಗ ತಳ ಮುಟ್ಟೋ ತನಕ ಬಿಟ್ಟು ಆಮೇಲೆ ಎರಡು ಮೂರು ಎಂಎಂ ಮೇಲಕ್ಕೆ ಎಳ್ಕೊಂಡು ಬಿಗಿ ಮಾಡಿ. ಬಿಗಿ ಮಾಡ್ತಾ ಕಾಲೆಟ್ ಒಳಕ್ಕೆ ಸರಿಯತ್ತಲ್ಲ, ದಂಡು ಆಗ್ಲೇ ತಳ ಮುಟ್ಟಿದ್ರೆ ಅದಕ್ಕೆ ಸರಿಯೋಕೆ ಜಾಗ ಇರಲ್ಲ, ಬಿಗಿ ಆದಂಗೆ ಅನ್ಸತ್ತೆ ಆದ್ರೆ ಹಿಡಿದಿರಲ್ಲ.

ಸೈಟ್_ಕೆಲ್ಸ, ಭಾನುವಾರ ರಾತ್ರಿ 9:20

ಟರ್ನರ್ ಸರ್, ಬೇರಿಂಗ್ ವಿಷ್ಯ ನಂಗೆ ಗೊತ್ತಿರ್ಲಿಲ್ಲ, ನಮ್ಮ ಎರಡು ಮಷೀನ್ ಗರಗರ ಅನ್ನೋದು ಇದಕ್ಕೇ ಇರ್ಬೇಕು. ಇನ್ಮೇಲೆ ಸುತ್ತಿಗೆ ಮುಟ್ಟಕ್ಕೆ ಹುಡುಗ್ರಿಗೆ ಬಿಡಲ್ಲ. ಒಂದ್ ಡೌಟು, ಸಾಯಂಕಾಲ ಕೆಲ್ಸ ಮುಗ್ದ ಮೇಲೆ ಬಿಟ್ ತೆಗೆದು ಖಾಲಿ ಕಾಲೆಟ್‌ಗೆ ನಟ್ ಫುಲ್ ಟೈಟ್ ಮಾಡಿ ಬ್ಯಾಗಿಗೆ ಹಾಕ್ತಾರೆ, ಕಳ್ದೋಗ್ಬಾರ್ದು ಅಂತ. ಅದ್ರಿಂದಾನೂ ಹಾಳಾಗತ್ತಾ?

ಪೀಣ್ಯ_ಟರ್ನರ್, ಭಾನುವಾರ ರಾತ್ರಿ 9:35

ಖಂಡಿತ ಆಗತ್ತೆ. ಒಳಗೆ ದಂಡು ಇಲ್ದೆ ಬಿಗಿ ಮಾಡಿದ್ರೆ ತಡೆಯೋಕೆ ಏನೂ ಇಲ್ಲ, ಕಾಲೆಟ್ ಅಳತೆ ಮೀರಿ ಮುಚ್ಕೊಂಡು ಹಾಗೇ ಉಳ್ದುಬಿಡತ್ತೆ. ಕೈಯಲ್ಲಿ ತಿರುಗಿಸಿ ಬಿಡಿ, ಬೀಳದಿದ್ರೆ ಸಾಕು.

ಹೊನ್ನೆಹಲಗೆ, ಬುಧವಾರ ರಾತ್ರಿ 9:05

ಸೋಮವಾರ ಮಧ್ಯಾಹ್ನ ರಜ ಹಾಕಿ ಎಸ್.ಪಿ. ರೋಡಿಗೆ ಹೋದೆ, ವರ್ನಿಯರ್ ತಗೊಂಡೇ ಹೋದೆ. ಮೊದಲನೇ ಅಂಗಡೀಲಿ ಅರ್ಧ ಇಂಚು ಅಂತ ಕೊಟ್ಟಿದ್ದು ಮತ್ತೆ 12 ಇತ್ತು ಸರ್, ಅಳೆದು ವಾಪಸ್ ಕೊಟ್ಟೆ. ನಾಲ್ಕನೇ ಅಂಗಡೀಲಿ 12.69 ಸಿಕ್ತು, ಮುಖದಲ್ಲಿ ನಗು ಬಂತು. ಕಾಲೆಟ್ ಸರ್ವಿಸ್ ಸೆಂಟರ್‌ಗೆ ಹೇಳಿ ತರ್ಸಿದೆ, ನಟ್ ಸಮೇತ ಬಂತು, ಹಳೇದನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಹಳೇದರ ಒಂದು ಸೀಳು ಪೂರ್ತಿ ಮುಚ್ಕೊಂಡು ಉಗುರೂ ಹೋಗ್ತಿಲ್ಲ, ಹೊಸದರಲ್ಲಿ ಪೋಸ್ಟ್ ಕಾರ್ಡ್ ಆರಾಮಾಗಿ ಹೋಗತ್ತೆ.

ಇವತ್ತು ಸಾಯಂಕಾಲ ಸೀಮೆಎಣ್ಣೆ ಬಟ್ಟೆ ಹಾಕಿ ಲಾಳಿಕೆ ಒರೆಸಿ, ಬಿಟ್ ತಳ ಮುಟ್ಟಿಸಿ ಮೂರು ಎಂಎಂ ಎಳ್ಕೊಂಡು, ಪೈಪ್ ಇಲ್ದೆ ಎರಡು ಪಾನಾಲೇ ಬಿಗಿ ಮಾಡಿ ಹಳೇ ತುಂಡು ಮರದ ಮೇಲೆ ಮೊದ್ಲು ಓಡಿಸ್ದೆ. ಮಾರ್ಕರ್‌ನಲ್ಲಿ ದಂಡು ನಟ್ ಸೇರೋ ಜಾಗದಲ್ಲಿ ಒಂದು ಗೆರೆ ಹಾಕಿದ್ದೆ, ಐದು ಅಂಚು ಹೊಡೆದ ಮೇಲೂ ಗೆರೆ ಇದ್ದಲ್ಲೇ ಇದೆ. ವಿಜಯನಗರದ ಮೇಡಂ ಹೇಳಿದ ಹಾಗೆ ಮೆಟ್ಲು ಬಿದ್ದಿದ್ದ ಅಂಚಿನ ಆಳಕ್ಕೇ ಉಳಿದಿದ್ದನ್ನೂ ಹೊಡ್ದೆ, ಸಣ್ಣ ಗೆರೆ ಸುತ್ತಲೂ ಒಂದೇ ಸಮ ಬಂದಿದೆ, ನಮ್ಮಪ್ಪ ಬಂದು ನೋಡಿ ಬೇಕು ಅಂತ ಮಾಡಿದ್ದಾ ಅಂತ ಕೇಳಿದ್ರು, ಆಗಿದ್ದೆಲ್ಲಾ ಹೇಳ್ದೆ. ಕೆಲ್ಸ ಮುಗಿದ ಮೇಲೆ ಬಿಟ್ ತೆಗ್ದೆ. ಮೊದಲ ಟಕ್, ಒಂದು ಸುತ್ತು ಸಡಿಲ, ಮತ್ತೆ ಬಿಗಿ, ಎರಡನೇ ಟಕ್, ಬಿಟ್ ಕೈಗೆ ಬಂತು. ಆ ಸೈಕಲ್ ಪಾನಾ ವಾಪಸ್ ಕೊಟ್ಟು ನನಗೂ ಒಂದು ತರ್ಸಿಕೊಡಿ ಅಂತ ಹೇಳಿ ಬಂದಿದೀನಿ. ನಾಳೆಯಿಂದ ಮರಳು ಕಾಗದ, 120 ಆದ್ಮೇಲೆ 220.